ವೆಬಿನಾರ್ ಕೇಳಿದ್ದಾಯ್ತು, ಸಾಲ ಯಾಕೆ ಸಿಗ್ಲಿಲ್ಲ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರ, ಮೇಲ್, ವಾಟ್ಸಾಪ್ ಮೆಸೇಜ್ ಎಲ್ಲ ಒಟ್ಟಿಗೆ ಹಾಕ್ಕೊಂಡು ಕೂತ್ರೆ ಹೆಚ್ಚಿನವು ಒಂದೇ ವಿಷಯದ್ದು. ಸಣ್ಣ ಉದ್ಯಮ ಮಾಡೋರಿಗೆ ಅಂತ ಜೂಮ್‌ನಲ್ಲೋ ಯೂಟ್ಯೂಬ್ ಲೈವ್‌ನಲ್ಲೋ ನಡೆಯೋ ಸೆಮಿನಾರ್‌ಗಳು, ಅದರಲ್ಲಿ ಹೇಳೋ ಸಾಲ, ಸಬ್ಸಿಡಿ, ಫಂಡಿಂಗ್, ಆಮೇಲೆ ಬ್ಯಾಂಕಿಗೆ ಹೋದಾಗ ಆಗೋದು. ನಾನು ತುಂಬಾ ವರ್ಷ ಬ್ಯಾಂಕಲ್ಲಿ ಸಣ್ಣ ಸಾಲದ ಟೇಬಲ್ ಮೇಲೆ ಕೂತಿದ್ದೋನು, ಈಗ ಅದೇ ಥರದ ಆನ್‌ಲೈನ್ ಕ್ಲಾಸ್‌ಗಳಲ್ಲಿ ಆಗಾಗ ಮಾತಾಡ್ತೀನಿ, ಹಾಗಾಗಿ ಎರಡೂ ಕಡೆ ಏನು ನಡೆಯತ್ತೆ ಅಂತ ಗೊತ್ತು. ಆರು ಪ್ರಶ್ನೆ ಆರಿಸಿಕೊಂಡಿದ್ದೀನಿ, ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ಮನಿಯೊಳಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರ್ತೀನ್ರಿ, ಮೂರು ವರ್ಷ ಆತು, ನನ್ ಕೂಡ ನಾಲ್ಕು ಮಂದಿ ಹೆಣ್ಮಕ್ಕಳು ಕೆಲಸ ಮಾಡ್ತಾರ. ದಿನಕ್ಕ 500 ರೊಟ್ಟಿ ಹೋಗ್ತಾವ. ರೊಟ್ಟಿ ಮಷಿನ್ ತಗೋಬೇಕು, 4 ಲಕ್ಷ ಅಂತ ಹೇಳ್ಯಾರ. ನಾಲ್ಕು ವೆಬಿನಾರ್ ಕೇಳಿದೆ, ಎಲ್ಲಾರೂ ಮುದ್ರಾ ಐತಿ, ಪಿಎಂಇಜಿಪಿ ಐತಿ, ಪಿಎಂಎಫ್‌ಎಂಇ ಐತಿ, ಗ್ಯಾರಂಟಿ ಬ್ಯಾಡ ಅಂತಾರ. ಬ್ಯಾಂಕಿಗೆ ಹೋದ್ರ ಮ್ಯಾನೇಜರ್ ಎರಡು ನಿಮಿಷ ಕೇಳಿ ಆಗಂಗಿಲ್ಲ ಅಂದ್ರು. ಯಾರು ಹೇಳಿದ್ದು ಖರೇ? (ಗದಗ)

ಉತ್ತರ: ಇಬ್ಬರು ಹೇಳಿದ್ದೂ ಖರೇನೇ ತಾಯಿ. ನೀವು ಹೇಳಿದ ಮೂರೂ ಸಣ್ಣ ಉದ್ಯಮಕ್ಕೆ ಅಂತ ಇರೋ ಕೇಂದ್ರ ಸರ್ಕಾರದ ಸಾಲ, ಸಬ್ಸಿಡಿ ಯೋಜನೆಗಳು. ವೆಬಿನಾರ್‌ನಲ್ಲಿ ಮಾತಾಡೋರು ಯೋಜನೆ ಏನು ಹೇಳತ್ತೆ ಅಂತ ಹೇಳ್ತಾರೆ, ಬ್ಯಾಂಕ್ ಮ್ಯಾನೇಜರ್ ನಿಮ್ಮ ಪಾಸ್‌ಬುಕ್ ಏನು ಹೇಳತ್ತೆ ಅಂತ ನೋಡ್ತಾರೆ. ಮುದ್ರಾ ಅಂದ ಕೂಡ್ಲೆ ಸರ್ಕಾರ ದುಡ್ಡು ಕೊಡತ್ತೆ ಅನ್ನೋ ಭಾವನೆ ಬಂದುಬಿಡತ್ತೆ. 2015ರ ಏಪ್ರಿಲ್‌ನಲ್ಲಿ ಶುರುವಾದಾಗಿಂದ ಇವತ್ತಿನವರೆಗೂ ಅದು ಬ್ಯಾಂಕಿನ ದುಡ್ಡೇ. ಅಡಮಾನ ಇಲ್ದೆ ಕೊಡ್ತಾರೆ, ಹಿಂದೆ ಒಂದು ಗ್ಯಾರಂಟಿ ಫಂಡ್ ಇರತ್ತೆ, ಅಷ್ಟೆ. ಸಾಲ ಕೆಟ್ಟರೆ ಉತ್ತರ ಕೊಡಬೇಕಾದೋರು ಆ ಮ್ಯಾನೇಜರೇ, ಹಾಗಾಗಿ ಅವರು ಕೇಳೋ ಪ್ರಶ್ನೆ ಒಂದೇ, ತಿಂಗಳ ಕಂತು ಎಲ್ಲಿಂದ ಬರತ್ತೆ.

ನೀವು ಪತ್ರದ ಕೊನೇಲಿ ಬರೆದ ಒಂದು ಮಾತು ನನಗೆ ಮುಖ್ಯ ಅನಿಸ್ತು, ಹುಬ್ಬಳ್ಳಿ ಅಂಗಡಿಯವರು ರೊಟ್ಟಿ ದುಡ್ಡನ್ನ ನಿಮ್ಮ ಯಜಮಾನರ ಫೋನಿಗೆ ಹಾಕ್ತಾರೆ, ಉಳಿದಿದ್ದು ಕೈಯಲ್ಲಿ ನಗದು ಬರತ್ತೆ ಅಂದ್ರಿ. ಅಂದ್ರೆ ಮೂರು ವರ್ಷ ನೀವು ದುಡಿದಿದ್ದು ನಿಮ್ಮ ಹೆಸರಿನ ಖಾತೆಲಿ ಎಲ್ಲೂ ಕಾಣಲ್ಲ. ಮ್ಯಾನೇಜರ್ ಕಂಪ್ಯೂಟರ್ ತೆಗೆದು ನೋಡಿದಾಗ ನಿಮ್ಮ ಖಾತೆಲಿ ಗ್ಯಾಸ್ ಸಬ್ಸಿಡಿ, ಗೃಹಲಕ್ಷ್ಮಿ ದುಡ್ಡು ಬಿಟ್ಟರೆ ಏನೂ ಇರಲ್ಲ, ಅವರು ಆಗಲ್ಲ ಅಂದಿದ್ದು ಆ ಖಾತೆಗೆ. ನಾನು ಟೇಬಲ್ ಮೇಲೆ ಕೂತಿದ್ದಾಗ ಎಷ್ಟೋ ಹೆಣ್ಮಕ್ಕಳಿಗೆ ಇದೇ ಆಗಿದ್ದು ನೋಡಿದ್ದೀನಿ, ವ್ಯಾಪಾರ ಅವರದ್ದು, ಹೆಸರು ಇನ್ಯಾರದ್ದೋ. ನನಗೆ ಈಗಲೂ ಇದು ಸಂಕಟ ಕೊಡೋ ವಿಷಯ. ಇವತ್ತೇ ನಿಮ್ಮ ಹೆಸರಲ್ಲಿ, ನಿಮ್ಮ ಘಟಕದ ಹೆಸರಲ್ಲಿ ಒಂದು ಕರೆಂಟ್ ಅಕೌಂಟ್ ತೆಗೆಸಿ, ಕ್ಯೂಆರ್ ಕೋಡ್ ಅದಕ್ಕೆ ಮಾಡಿಸಿ, ನಗದು ಬಂದಿದ್ದನ್ನೂ ವಾರಕ್ಕೊಂದು ಸಲ ಕಟ್ಟಿ. ಆರು ತಿಂಗಳಾದ್ರೂ ಹಾಗೆ ಓಡಬೇಕು, ಒಂದು ವರ್ಷ ಆದ್ರೆ ಇನ್ನೂ ಒಳ್ಳೇದು.

ಈಗ ಲೆಕ್ಕಕ್ಕೆ ಬರೋಣ, ಯಾಕಂದ್ರೆ ವೆಬಿನಾರ್‌ಗಳಲ್ಲಿ ಇದನ್ನ ಯಾರೂ ನಿಮ್ಮ ಜೊತೆ ಕೂತು ಮಾಡಲ್ಲ. ದಿನಕ್ಕೆ 500 ರೊಟ್ಟಿ, ಒಂದಕ್ಕೆ 7 ರೂಪಾಯಿ ಅಂದಿದ್ದೀರಿ, ಜೋಳ, ಗ್ಯಾಸು, ಪ್ಯಾಕಿಂಗು, ನಾಲ್ಕು ಮಂದಿ ಕೂಲಿ ಎಲ್ಲ ಸೇರಿ ನಾಲ್ಕೂವರೆ ಬೀಳತ್ತೆ ಅಂದ್ರಿ. ಅಲ್ಲಿಗೆ ರೊಟ್ಟಿಗೆ ಎರಡೂವರೆ ಉಳೀತು, ತಿಂಗಳಿಗೆ 26 ದಿನ ಹಿಡಿದ್ರೆ 32,500. ಅದರಲ್ಲಿ ಮನೆ ಖರ್ಚಿಗೆ 22,000 ಹೋಗತ್ತೆ, ಉಳಿಯೋದು 10,500. ಈಗ 4 ಲಕ್ಷದ ಮಷಿನ್‌ಗೆ ನಿಮ್ಮ ಕೈಯಿಂದ ಶೇಕಡಾ 10 ಅಂದ್ರೆ 40,000 ಹಾಕಿದ್ರೆ ಸಾಲ 3 ಲಕ್ಷ 60 ಸಾವಿರ, ಬಡ್ಡಿ ಹತ್ತೂವರೆ ಅಂತ ಹಿಡಿದು ಐದು ವರ್ಷಕ್ಕೆ ಹಾಕಿದ್ರೆ ತಿಂಗಳ ಕಂತು ಸುಮಾರು 7,700. 10,500ರಲ್ಲಿ 7,700 ಕಟ್ಟಬಹುದಲ್ಲ ಅನ್ನಿಸತ್ತೆ, ಆದ್ರೆ ಮಳೆಗಾಲದಲ್ಲಿ ವ್ಯಾಪಾರ ಇಳೀತು, ಮಗುಗೆ ಹುಷಾರಿಲ್ಲ ಅಂತಾಯ್ತು ಅಂದ್ರೆ ಕಂತು ತಪ್ಪತ್ತೆ. ನಾವು ನೋಡ್ತಿದ್ದಿದ್ದು ಹೀಗೆ, ಕಂತಿನ ಒಂದೂವರೆ ಪಟ್ಟಾದ್ರೂ ಕೈಯಲ್ಲಿ ಉಳೀಬೇಕು, ಅಂದ್ರೆ ಹನ್ನೊಂದೂವರೆ ಸಾವಿರದ ಹತ್ತಿರ. ನಿಮ್ಮದು ಅದಕ್ಕೆ ಸ್ವಲ್ಪ ಕಮ್ಮಿ. ಅದೇ ನೀವು 3 ಲಕ್ಷದೊಳಗಿನ ಮಷಿನ್ ನೋಡಿದ್ರೆ ಸಾಲ 2 ಲಕ್ಷ 70 ಸಾವಿರ, ಕಂತು 5,800, ಒಂದೂವರೆ ಪಟ್ಟು ಅಂದ್ರೂ 8,700, ಆರಾಮಾಗಿ ಕೂರತ್ತೆ. ಮಷಿನ್ ಬಂದ್ರೆ ದಿನಕ್ಕೆ 1,500 ರೊಟ್ಟಿ ಆಗತ್ತಲ್ಲ ಅಂತ ನೀವು ಕೇಳ್ತೀರಿ, ಆಗತ್ತೆ, ಆದ್ರೆ ಇನ್ನೂ ಮಾರದೇ ಇರೋ ರೊಟ್ಟಿನ ಬ್ಯಾಂಕು ಅಷ್ಟು ಸುಲಭಕ್ಕೆ ಲೆಕ್ಕಕ್ಕೆ ತಗೊಳ್ಳಲ್ಲ, ಹುಬ್ಬಳ್ಳಿಯ ಆ ಅಂಗಡಿಯವರ ಹತ್ರ ತಿಂಗಳಿಗೆ ಇಷ್ಟು ತಗೋತೀವಿ ಅಂತ ಒಂದು ಲೆಟರ್ ಬರೆಸಿಕೊಂಡು ಹೋದ್ರೆ ಅದು ಲೆಕ್ಕಕ್ಕೆ ಬರತ್ತೆ.

ಯಾವ ಯೋಜನೆ ಅನ್ನೋದು ಆಮೇಲಿನ ಮಾತು. ಪಿಎಂಇಜಿಪಿ ಹೊಸದಾಗಿ ಶುರು ಮಾಡೋರಿಗೆ, ಮೂರು ವರ್ಷದಿಂದ ನಡೆಸ್ತಿರೋ ನಿಮಗೆ ಆ ಸಾಲ ಬರಲ್ಲ, ಇದನ್ನ ನಾಲ್ಕು ವೆಬಿನಾರ್‌ನಲ್ಲಿ ಒಬ್ಬರಾದ್ರೂ ನಿಮಗೆ ಹೇಳಬೇಕಿತ್ತು. ನಿಮಗೆ ಹೊಂದೋದು ಪಿಎಂಎಫ್‌ಎಂಇ, ಅದು ಕಿರು ಆಹಾರ ಘಟಕಗಳಿಗೇ ಅಂತ 2020ರಲ್ಲಿ ಬಂದಿದ್ದು, ಈಗಾಗಲೇ ನಡೀತಿರೋ ಘಟಕ ದೊಡ್ಡದು ಮಾಡಕ್ಕೂ ಕೊಡ್ತಾರೆ. ಮೂಲ ಯೋಜನೆಲಿ ಶೇಕಡಾ 35 ಸಬ್ಸಿಡಿ, ನಮ್ಮ ರಾಜ್ಯ ಅದರ ಮೇಲೆ ಇನ್ನೂ 15 ಸೇರಿಸಿ ಒಟ್ಟು 50 ಮಾಡಿದೆ, ಗರಿಷ್ಠ 15 ಲಕ್ಷದವರೆಗೆ. ಕೆಪೆಕ್ ಅಂತ ರಾಜ್ಯ ಸರ್ಕಾರದ ನಿಗಮ ಇದನ್ನ ನೋಡ್ಕೊಳ್ಳತ್ತೆ. ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳು ಅಂತ ಇರ್ತಾರೆ, ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡೋದು, ಅರ್ಜಿ ಹಾಕಿಸೋದು ಅವರ ಕೆಲಸ, ಅವರಿಗೆ ಸಂಭಾವನೆ ಸರ್ಕಾರ ಕೊಡತ್ತೆ, ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. ಸಬ್ಸಿಡಿ ನಿಮ್ಮ ಕೈಗೆ ಬರಲ್ಲ, ನಿಮ್ಮ ಸಾಲದ ಪಕ್ಕದಲ್ಲೇ ಬೇರೆ ಖಾತೆಲಿ ಮೂರು ವರ್ಷ ಕೂತಿರತ್ತೆ, ಅಷ್ಟು ಮೊತ್ತಕ್ಕೆ ಬಡ್ಡಿ ಬೀಳಲ್ಲ, ಕಂತು ಸರಿಯಾಗಿ ಕಟ್ಟಿ ಘಟಕ ನಡೀತಿದ್ರೆ ಮೂರು ವರ್ಷ ಆದ್ಮೇಲೆ ಸಾಲಕ್ಕೆ ವಜಾ ಆಗತ್ತೆ. ಈ ಯೋಜನೆಗಳ ಅವಧಿ 2025-26ರವರೆಗೆ ಅಂತ ಇತ್ತು, ಹಾಗಾಗಿ ಎಲ್ಲಕ್ಕೂ ಮೊದಲು ಗದಗಿನ ಜಂಟಿ ಕೃಷಿ ನಿರ್ದೇಶಕರ ಕಚೇರಿಲಿ ಈಗ ಅರ್ಜಿ ತಗೋತಿದ್ದಾರಾ ಅಂತ ಕೇಳಿ. ಇಲ್ಲ ಅಂದ್ರೂ ಮುದ್ರಾದ ಕಿಶೋರ್ ಇದೆ, 50 ಸಾವಿರದಿಂದ 5 ಲಕ್ಷದವರೆಗೆ, ನಿಮ್ಮ ಸಾಲ ಅದರೊಳಗೆ ಬರತ್ತೆ. ಉದ್ಯಮ್ ರಿಜಿಸ್ಟ್ರೇಷನ್ ಮಾಡಿಸಿ, ಅಂದ್ರೆ ನಿಮ್ಮದು ಸಣ್ಣ ಉದ್ಯಮ ಅಂತ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲು ಮಾಡೋದು, ಅದು ಪೂರ್ತಿ ಫ್ರೀ. ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐನ ಬೇಸಿಕ್ ರಿಜಿಸ್ಟ್ರೇಷನ್‌ಗೆ ವರ್ಷಕ್ಕೆ 100 ರೂಪಾಯಿ. ಇವೆರಡು ಮತ್ತೆ ಆರು ತಿಂಗಳ ಸ್ಟೇಟ್‌ಮೆಂಟ್ ಹಿಡ್ಕೊಂಡು ಅದೇ ಮ್ಯಾನೇಜರ್ ಹತ್ರ ಮತ್ತೆ ಹೋಗಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: 99 ರೂಪಾಯಿ ಕೊಟ್ಟು ಒಂದು ಬಿಸಿನೆಸ್ ಗ್ರೋಥ್ ವೆಬಿನಾರ್ ಸೇರಿದೆ ಸರ್, ಮೂರು ಗಂಟೆ ನಡೀತು, ಕೊನೇಲಿ 25,000 ಕಟ್ಟಿದ್ರೆ ಆರು ತಿಂಗಳ ಕೋಚಿಂಗ್ ಜೊತೆಗೆ 50 ಲಕ್ಷದವರೆಗೆ ಫಂಡಿಂಗ್ ಗ್ಯಾರಂಟಿ ಅಂದ್ರು, ಇವತ್ತು ರಾತ್ರಿ 12ರೊಳಗೆ ಕಟ್ಟಿದ್ರೆ 14,999 ಅಂತೆ. ನನ್ನದು ಮೊಬೈಲ್ ಆಕ್ಸೆಸರಿ ಅಂಗಡಿ. ಸ್ನೇಹಿತ ಕಟ್ಟಿಬಿಟ್ಟಿದ್ದಾನೆ, ನಾನು ಯೋಚನೆ ಮಾಡ್ತಿದ್ದೀನಿ. (ದಾವಣಗೆರೆ)

ಉತ್ತರ: ಕಟ್ಟಬೇಡಿ. ಸಾಲ ಕೊಡೋ ಅಧಿಕಾರ ಇರೋದು ಬ್ಯಾಂಕಿಗೆ, ಆರ್‌ಬಿಐ ನೋಂದಣಿ ಇರೋ ಹಣಕಾಸು ಸಂಸ್ಥೆಗೆ, ಸಹಕಾರಿ ಸಂಘಕ್ಕೆ. ಮೂರನೆಯವರು ಯಾರೇ ಆಗ್ಲಿ ಸಾಲ ಗ್ಯಾರಂಟಿ ಅಂತ ಹೇಳಕ್ಕೆ ಬರಲ್ಲ, ಹೇಳಿದ್ರೆ ಅದೊಂದೇ ಸಾಕು ಹೊರಗೆ ಬರಕ್ಕೆ.

ಇಂಥದ್ದೊಂದರಲ್ಲಿ ನಾನೂ ಕೂತು ನೋಡಿದ್ದೀನಿ, ಹೆಸರು ಬೇಡ. ಮೊದಲ ಒಂದು ಗಂಟೆ ಪೂರ್ತಿ ಭಾಷಣ, ನೀವು ಬಡವರಾಗಿ ಸಾಯಬಾರದು ಅನ್ನೋ ಥರದ್ದು, ಎರಡನೇ ಗಂಟೆಲಿ ಯಾರ್ಯಾರೋ ಬಂದು ನನ್ನ ಟರ್ನೋವರ್ ಹತ್ತು ಪಟ್ಟಾಯ್ತು ಅಂತ ಹೇಳೋದು, ಮೂರನೇ ಗಂಟೆಲಿ ಸೀಟು ಕಮ್ಮಿ ಇದೆ, ಗಡಿಯಾರ ಓಡ್ತಿದೆ. ಮೂರು ಗಂಟೆಲಿ ಬಡ್ಡಿ ಎಷ್ಟು ಅಂತ ಒಂದು ಮಾತು ಬರ್ಲಿಲ್ಲ. ಚಾಟ್‌ನಲ್ಲಿ ನಾನು ಯಾವ ಬ್ಯಾಂಕು, ಯಾವ ಯೋಜನೆ ಅಂತ ಕೇಳಿದೆ, ಎರಡು ಸಲ ಕೇಳಿದ ಮೇಲೆ ಚಾಟ್ ಆಫ್ ಮಾಡಿದ್ರು. ಅಲ್ಲಿ ಕೂತಿದ್ದವರು ಸಾವಿರಾರು ಜನ, ಹೆಚ್ಚಿನವರು ನಿಮ್ಮ ಥರ ಅಂಗಡಿ ಇಟ್ಕೊಂಡು ಕಷ್ಟಪಡ್ತಿರೋರು, ಅವರ ಹತ್ರ ಹದಿನೈದು ಸಾವಿರ ಅಂದ್ರೆ ಒಂದು ತಿಂಗಳ ಅಂಗಡಿ ಬಾಡಿಗೆ. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ.

ಒಳ್ಳೆ ಆನ್‌ಲೈನ್ ಸೆಮಿನಾರ್‌ಗಳೂ ಇವೆ, ಎಲ್ಲವನ್ನೂ ಒಂದೇ ತಕ್ಕಡೀಲಿ ತೂಗಬಾರದು. ಕೇಂದ್ರದ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಇಲಾಖೆಯ ಬೆಂಗಳೂರು ಕಚೇರಿ, ಸಣ್ಣ ಕೈಗಾರಿಕೆಯವರ ಸಂಘ ಕಾಸಿಯಾ, ವಾಣಿಜ್ಯೋದ್ಯಮಿಗಳ ಮಂಡಳಿ ಎಫ್‌ಕೆಸಿಸಿಐ, ಮಹಿಳೆಯರಿಗಾದ್ರೆ 1983ರಿಂದ ಕೆಲಸ ಮಾಡ್ತಿರೋ ಮಹಿಳಾ ಉದ್ಯಮಿಗಳ ಸಂಘ ಅವೇಕ್, ಇಂಥವರು ನಡೆಸೋ ಕಾರ್ಯಕ್ರಮಗಳಲ್ಲಿ ಮಾತಾಡೋರ ಹುದ್ದೆ, ಕಚೇರಿ ಎಲ್ಲ ಗೊತ್ತಿರತ್ತೆ, ಮುಗಿದ ಮೇಲೆ ಹೋಗಿ ಭೇಟಿ ಮಾಡಬಹುದು. ನಾನು ನೋಡೋ ಗುರುತು ಇಷ್ಟೇ, ಮಾತಾಡೋರು ನಿಮ್ಮ ಅಂಗಡಿ ಲೆಕ್ಕ ಕೇಳ್ತಾರಾ, ಇಲ್ಲ ನಿಮ್ಮ ಕಾರ್ಡ್ ನಂಬರ್ ಕೇಳ್ತಾರಾ.

ನಿಮ್ಮ ಸ್ನೇಹಿತ ಕಟ್ಟಿರೋ ದುಡ್ಡಿಗೆ ರಿಫಂಡ್ ಕೇಳಿ ಇವತ್ತೇ ಮೇಲ್ ಹಾಕ್ಲಿ, ಗ್ಯಾರಂಟಿ ಅಂತ ಹೇಳಿದ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಫಂಡಿಂಗ್ ಪ್ರೋಸೆಸ್ ಮಾಡ್ತೀವಿ ಅಂತ ಆಧಾರ್ ಓಟಿಪಿ, ಬ್ಯಾಂಕ್ ಓಟಿಪಿ ಏನಾದ್ರೂ ತಗೊಂಡಿದ್ರೆ, ಇಲ್ಲ ಸಾಲ ಬರೋ ಮುಂಚೆನೇ ಇನ್ಶೂರೆನ್ಸ್ ಅಂತಲೋ ಫೈಲ್ ಚಾರ್ಜ್ ಅಂತಲೋ ಮತ್ತೆ ದುಡ್ಡು ಹಾಕಿಸಿಕೊಂಡಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ದುಡ್ಡು ಬೇರೆ ಖಾತೆಗೆ ದಾಟೋ ಮುಂಚೆ ತಡೆಯೋಕೆ ಮೊದಲ ಕೆಲವು ಗಂಟೆ ತುಂಬಾ ಮುಖ್ಯ. ಹಾಗೇ ಇನ್ನೊಂದು, ಉದ್ಯಮ್ ರಿಜಿಸ್ಟ್ರೇಷನ್ ಅಂತ ಗೂಗಲ್ ಮಾಡಿದ್ರೆ ಮೇಲೆ ಬರೋ ಎಷ್ಟೋ ಸೈಟ್‌ಗಳು ಖಾಸಗಿಯವು, ಸಾವಿರ ಎರಡು ಸಾವಿರ ಕೇಳ್ತಾವೆ, ವಿಳಾಸದ ಕೊನೇಲಿ ಗವ್ ಡಾಟ್ ಇನ್ ಇದ್ರೆ ಮಾತ್ರ ಸರ್ಕಾರದ್ದು.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಫ್ಯಾಬ್ರಿಕೇಷನ್ ಶಾಪ್, ಏಳು ಜನ ಕೆಲಸಕ್ಕಿದ್ದಾರೆ. ಆರ್ಡರ್‌ಗೆ ಬರ ಇಲ್ಲ, ದುಡ್ಡಿಗೆ ಬರ. ಒಂದು ದೊಡ್ಡ ಕಂಪನಿ 120 ದಿನ ಆದ್ರೂ ಬಿಲ್ ಪಾಸ್ ಮಾಡಲ್ಲ, ನಾನು ಬ್ಯಾಂಕಿಂದ ಓಡಿ (ಓವರ್‌ಡ್ರಾಫ್ಟ್ ಸಾಲ) ತಗೊಂಡು ಸಂಬಳ ಕೊಡ್ತಿದ್ದೀನಿ. ವೆಬಿನಾರ್‌ನಲ್ಲಿ 45 ದಿನದ ಕಾನೂನು ಇದೆ, ಟ್ರೆಡ್ಸ್ ಇದೆ ಅಂದ್ರು, ಅದು ನನ್ನಂಥವನಿಗೆ ನಿಜವಾಗ್ಲೂ ಆಗತ್ತಾ? ದೂರು ಕೊಟ್ರೆ ಆರ್ಡರ್ ನಿಲ್ಲಲ್ವಾ? (ಬೆಂಗಳೂರು)

ಉತ್ತರ: ನಿಮ್ಮ ಕೊನೇ ಪ್ರಶ್ನೆನೇ ನಿಜವಾದ ಪ್ರಶ್ನೆ, ಅದನ್ನ ವೆಬಿನಾರ್‌ಗಳಲ್ಲಿ ದಾಟಿಸಿಬಿಡ್ತಾರೆ. ಮೊದಲು ಕಾನೂನು ಹೇಳ್ತೀನಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಕಿರು, ಸಣ್ಣ ಘಟಕದಿಂದ ಮಾಲು ತಗೊಂಡೋರು ಬರವಣಿಗೆ ಒಪ್ಪಂದ ಇಲ್ಲ ಅಂದ್ರೆ 15 ದಿನದಲ್ಲಿ ದುಡ್ಡು ಕೊಡಬೇಕು, ಒಪ್ಪಂದ ಇದ್ರೂ 45 ದಿನ ಮೀರೋ ಹಾಗಿಲ್ಲ, ಪಿಓ (ಪರ್ಚೇಸ್ ಆರ್ಡರ್) ಮೇಲೆ 90 ದಿನ ಅಂತ ಪ್ರಿಂಟ್ ಆಗಿದ್ರೂ ಅದು ನಿಲ್ಲಲ್ಲ. ಮೀರಿದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಎಂಎಸ್‌ಎಂಇ ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿದ್ರೆ ಇಂಥ ಬಾಕಿ ತಕರಾರು ಬಗೆಹರಿಸೋ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗತ್ತೆ. ಆದ್ರೆ ಮಾಲು ಕೊಡೋ ಮುಂಚೆನೇ ನಿಮ್ಮ ಉದ್ಯಮ್ ನೋಂದಣಿ ಆಗಿದ್ರೆ ಕೇಸ್ ಗಟ್ಟಿ, ಆಮೇಲೆ ಮಾಡಿಸಿಕೊಂಡು ಹಳೇ ಬಿಲ್‌ಗೆ ಕೇಳಿದ್ರೆ ತಕರಾರು ಬರತ್ತೆ. ಪ್ರತಿ ಇನ್‌ವಾಯ್ಸ್ ಮೇಲೂ ಉದ್ಯಮ್ ನಂಬರ್ ಅಚ್ಚಾಗಿರ್ಲಿ.

ಈಗ ಭಯದ ವಿಷಯ. ಹೌದು, ದೂರು ಕೊಟ್ಟ ಮೇಲೆ ಆ ಕಂಪನಿ ಪರ್ಚೇಸ್ ಡಿಪಾರ್ಟ್‌ಮೆಂಟ್ ನಿಮ್ಮ ಫೋನ್ ಎತ್ತದೇ ಇರಬಹುದು, ಪೀಣ್ಯದಲ್ಲಿ ನಿಮ್ಮ ಥರದ ಶಾಪ್‌ಗಳು ರಸ್ತೆಗೆ ಹತ್ತು ಇವೆ, ಅದಕ್ಕೇ ಹೆಚ್ಚಿನವರು ಸಂಬಂಧ ಮುರಿದ ಮೇಲೆನೇ ದೂರು ಕೊಡೋದು. ಹಾಗಾಗಿ ನಾನು ಹೇಳೋದು ಮೊದಲು ಜಗಳ ಇಲ್ಲದ ದಾರಿ. ಪರ್ಚೇಸ್‌ನೋರ ಹತ್ರ ಹೋಗಬೇಡಿ, ಅಕೌಂಟ್ಸ್‌ನೋರ ಹತ್ರ ಹೋಗಿ. ಆದಾಯ ತೆರಿಗೆಲಿ 43ಬಿ(ಎಚ್) ಅಂತ ಒಂದು ನಿಯಮ 2024-25ರ ಅಸೆಸ್‌ಮೆಂಟ್ ವರ್ಷದಿಂದ ಬಂತು, ತಯಾರಿಕೆ ಇಲ್ಲ ಸೇವೆ ಮಾಡೋ ಕಿರು ಮತ್ತು ಸಣ್ಣ ಘಟಕಕ್ಕೆ ಈ ಗಡುವಿನೊಳಗೆ ದುಡ್ಡು ಕೊಡದೇ ವರ್ಷ ಮುಗಿಸಿದ್ರೆ ಆ ಖರ್ಚನ್ನ ಆ ವರ್ಷದ ಲೆಕ್ಕದಲ್ಲಿ ತೋರಿಸಕ್ಕಾಗಲ್ಲ, ದುಡ್ಡು ಕೊಟ್ಟ ವರ್ಷವೇ ತೋರಿಸಬೇಕು, ಅಂದ್ರೆ ಅವರಿಗೇ ತೆರಿಗೆ ಏರತ್ತೆ. ಇದು ಅವರ ಆಡಿಟರ್‌ಗೆ ಚೆನ್ನಾಗಿ ಗೊತ್ತು. ಜನವರಿ ಫೆಬ್ರವರಿಲಿ ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಜೊತೆ ಬಾಕಿ ಬಿಲ್ ಪಟ್ಟಿನ ಅಕೌಂಟ್ಸ್‌ಗೆ ಒಂದು ಮೇಲ್ ಹಾಕಿ, ವಿನಯವಾಗಿ ಬರೆದ ಮೇಲ್. ಮಾರ್ಚ್ 31 ಹತ್ರ ಬಂದಾಗ ಇಂಥ ಬಿಲ್‌ಗಳು ಕದಲೋದನ್ನ ನಾನು ಎಷ್ಟೋ ಕಡೆ ನೋಡಿದ್ದೀನಿ.

ಟ್ರೆಡ್ಸ್ ಇನ್ನೂ ಒಳ್ಳೆ ದಾರಿ. ಅದೇನು ಅಂದ್ರೆ ನಿಮ್ಮ ಬಿಲ್ಲನ್ನ ಆನ್‌ಲೈನ್ ವೇದಿಕೆಗೆ ಹಾಕೋದು, ಕಂಪನಿ ಹೌದು ಈ ಬಿಲ್ ಸರಿ ಅಂತ ಒಪ್ಪೋದು, ಬ್ಯಾಂಕುಗಳು ನಾನು ಇಷ್ಟು ಬಡ್ಡಿಗೆ ಕೊಡ್ತೀನಿ ಅಂತ ಬಿಡ್ ಮಾಡೋದು, ನಿಮಗೆ ಒಂದೆರಡು ದಿನದಲ್ಲಿ ದುಡ್ಡು, ಆಮೇಲೆ ಗಡುವಿಗೆ ಕಂಪನಿ ಬ್ಯಾಂಕಿಗೆ ಕಟ್ಟತ್ತೆ. ಕಂಪನಿ ಕಟ್ಟಲಿಲ್ಲ ಅಂದ್ರೂ ಬ್ಯಾಂಕು ನಿಮ್ಮ ಹತ್ರ ವಾಪಸ್ ಕೇಳೋ ಹಾಗಿಲ್ಲ, ಓಡಿ ಸಾಲಕ್ಕೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಅದು. ಬಡ್ಡಿನೂ ಆ ದೊಡ್ಡ ಕಂಪನಿಯ ರೇಟಿಂಗ್ ನೋಡಿ ಬೀಳತ್ತೆ, ನಿಮ್ಮದಲ್ಲ, ಅದಕ್ಕೇ ಕಮ್ಮಿ ಇರತ್ತೆ. ಆರ್‌ಎಕ್ಸ್‌ಐಎಲ್, ಎಂ1ಎಕ್ಸ್‌ಚೇಂಜ್, ಇನ್‌ವಾಯ್ಸ್‌ಮಾರ್ಟ್ ಇಂಥ ವೇದಿಕೆಗಳು. ವಾರ್ಷಿಕ ವಹಿವಾಟು 250 ಕೋಟಿ ಮೀರಿದ ಕಂಪನಿಗಳು 2025ರ ಮಾರ್ಚ್ 31ರೊಳಗೆ ಟ್ರೆಡ್ಸ್‌ಗೆ ಸೇರಲೇಬೇಕು ಅಂತ ಸರ್ಕಾರ ಆದೇಶ ಮಾಡಿದೆ, ಹಾಗಾಗಿ ನೀವು ಕೇಳೋದು ಹೊಸದೇನಲ್ಲ, ನೀವು ಯಾವ ಪ್ಲಾಟ್‌ಫಾರ್ಮ್‌ನಲ್ಲಿದ್ದೀರಿ, ನಮ್ಮನ್ನೂ ಸಪ್ಲೈಯರ್ ಅಂತ ಸೇರಿಸಿ ಅಂತಷ್ಟೇ ಕೇಳಿ. ಸೇರಿದ್ದೂ ಬಿಲ್ ಒಪ್ಪದೇ ಕೂರೋ ಕಂಪನಿಗಳೂ ಇವೆ, ಅದು ನಿಜ, ಅಂಥ ಒಬ್ಬನೇ ಗಿರಾಕಿ ಮೇಲೆ ಏಳು ಜನರ ಸಂಬಳ ನಿಂತಿದೆ ಅಂದ್ರೆ ಇನ್ನೊಬ್ಬ ಗಿರಾಕಿನ ಹುಡುಕೋ ಕೆಲಸ ಈಗಿಂದ್ಲೇ ಶುರುವಾಗಬೇಕು.

ಪ್ರಶ್ನೆ: ನಮ್ಮ ಸಂಘದ ಹನ್ನೆರಡು ಜನ ಹೆಣ್ಮಕ್ಕಳಿಗೆ ಟೈಲರಿಂಗ್ ಘಟಕ ಮಾಡೋ ಆಸೆ. ವೆಬಿನಾರ್ ಲಿಂಕ್ ಬರ್ತಾವೆ, ಆದ್ರೆ ಅರ್ಧ ಇಂಗ್ಲಿಷು, ಅರ್ಧ ಹಿಂದಿ, ನೆಟ್‌ವರ್ಕ್ ಬೇರೆ ಸಿಗಲ್ಲ. ನಮ್ಮಂಥೋರಿಗೆ ಏನಿದೆ? (ಲಿಂಗಸೂಗೂರು)

ಉತ್ತರ: ನಿಮ್ಮ ಪತ್ರ ಓದಿ ಖುಷಿನೂ ಆಯ್ತು, ಸಿಟ್ಟೂ ಬಂತು. ಕರ್ನಾಟಕದ ಸಣ್ಣ ಉದ್ಯಮಿಗಳಿಗೆ ಅಂತ ಮಾಡೋ ಕಾರ್ಯಕ್ರಮ ಕನ್ನಡದಲ್ಲಿ ಇರ್ಲಿಲ್ಲ ಅಂದ್ರೆ ಅದು ಯಾರಿಗೋಸ್ಕರ? ಮುಂದಿನ ಸಲ ಲಿಂಕ್ ಬಂದಾಗ ಅದರಲ್ಲಿರೋ ನಂಬರ್‌ಗೆ ಕನ್ನಡದಲ್ಲಿ ಯಾವಾಗ ಮಾಡ್ತೀರಿ ಅಂತ ಹನ್ನೆರಡು ಜನನೂ ಮೆಸೇಜ್ ಹಾಕಿ. ಧಾರವಾಡದ ಸೀಡಾಕ್ ಅನ್ನೋ ರಾಜ್ಯ ಸರ್ಕಾರದ ಸಂಸ್ಥೆ ಕನ್ನಡದಲ್ಲೇ ಉದ್ಯಮಶೀಲತೆ ತರಬೇತಿ ಕೊಡತ್ತೆ.

ಆದ್ರೆ ನಿಮಗೆ ನಾನು ಹೇಳೋದು ಸ್ಕ್ರೀನ್ ಬಿಟ್ಟು ಎದುರುಬದುರು ಕಲಿಯೋ ದಾರಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಅಂತ ತರಬೇತಿ ಸಂಸ್ಥೆ ಶುರು ಮಾಡಿದ್ರು, ಊಟ ವಸತಿ ಎಲ್ಲ ಉಚಿತ, ಕೆಲಸ ಕಲಿಸಿ, ಆಮೇಲೆ ಬ್ಯಾಂಕ್ ಸಾಲಕ್ಕೂ ಜೊತೆ ನಿಲ್ಲೋದು. ಅದನ್ನ ನೋಡಿನೇ ದೇಶದ ತುಂಬ ಜಿಲ್ಲೆಗೊಂದು ಅಂತ ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಬಂತು, ರಾಯಚೂರು ಜಿಲ್ಲೆಲೂ ಇದೆ. ಟೈಲರಿಂಗ್ ಬ್ಯಾಚ್ ಯಾವಾಗ ಅಂತ ಜಿಲ್ಲೆಯ ಎಲ್ಲ ಬ್ಯಾಂಕುಗಳ ಕೆಲಸ ಹೊಂದಿಸೋ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಲಿ ಕೇಳಿದ್ರೂ ಹೇಳ್ತಾರೆ. ಅಲ್ಲಿ ತರಬೇತಿ ಮುಗಿಸಿದೋರ ಸಾಲದ ಅರ್ಜಿನ ಬ್ಯಾಂಕಿನವರು ಬೇರೆ ಥರ ನೋಡ್ತಾರೆ, ಯಾಕಂದ್ರೆ ಆ ಸಂಸ್ಥೆ ನಡೆಸೋದೇ ಬ್ಯಾಂಕು. ವೆಬಿನಾರ್ ನೋಡಲೇಬೇಕು ಅಂದ್ರೆ ಪಂಚಾಯ್ತಿ ಲೈಬ್ರರಿಲಿ ವೈಫೈ ಇದ್ರೆ ಹನ್ನೆರಡು ಜನ ಒಂದೇ ಫೋನ್ ಮುಂದೆ ಕೂತು ರೆಕಾರ್ಡಿಂಗ್ ನೋಡಿ, ನಿಲ್ಲಿಸಿ ನಿಲ್ಲಿಸಿ ಮಾತಾಡ್ಕೊಳ್ಳಿ. ಹಾಗೆ ನೋಡಿದ್ದು ತಲೆಗೆ ಹತ್ತತ್ತೆ.

ಒಂದು ಮಾತು ಸೇರಿಸ್ತೀನಿ. ನಿಮ್ಮಲ್ಲಿ ಮೂರು ಜನರಿಗೆ ಈಗಾಗಲೇ ಮೈಕ್ರೋಫೈನಾನ್ಸ್ ಸಾಲ ಇದೆ ಅಂತ ಬರೆದಿದ್ದೀರಿ. ಹೊಸ ಸಾಲ ತೆಗೆದು ಹಳೇ ಕಂತು ಕಟ್ಟೋ ಯೋಚನೆ ಇದ್ರೆ ದಯವಿಟ್ಟು ಬೇಡ. ವಸೂಲಿಗೆ ಬಂದೋರು ಮನೆ ಮುಂದೆ ಕೂತು ಹೆದರಿಸಿದ್ರೆ ಅದಕ್ಕೆ 2025ರಲ್ಲಿ ರಾಜ್ಯ ತಂದ ಕಾನೂನಿದೆ, ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಪೊಲೀಸ್ ಸ್ಟೇಷನ್‌ಗೆ ಹೋಗಬಹುದು.

ಪ್ರಶ್ನೆ: ಭಾವನ ಸಾಲಕ್ಕೆ ಜಾಮೀನು ಹಾಕಿದ್ದೆ, ಅವರು ಕಟ್ಟಲಿಲ್ಲ, ಈಗ ನನ್ನ ಸಿಬಿಲ್ (ಸಾಲ ಕಟ್ಟಿದ ಚರಿತ್ರೆ ನೋಡಿ ಕೊಡೋ ಸ್ಕೋರು) 580. ಸಿಬಿಲ್ ಸರಿ ಮಾಡಿಸಿ ಕೊಡ್ತೀವಿ ಅಂತ ಒಂದು ಆನ್‌ಲೈನ್ ಸೆಷನ್‌ನಲ್ಲಿ 8,000 ಕೇಳ್ತಿದ್ದಾರೆ. ಕೊಡಲಾ? (ಸಾಗರ)

ಉತ್ತರ: ಬೇಡ. ಸ್ಕೋರು 300ರಿಂದ 900ರೊಳಗೆ ಇರತ್ತೆ, ನಿಜವಾದ ಬಾಕಿ ಇದ್ರೆ ಅದನ್ನ ಯಾರೂ ದುಡ್ಡು ತಗೊಂಡು ಅಳಿಸಕ್ಕಾಗಲ್ಲ, ತಪ್ಪಾಗಿ ಬಂದಿದ್ರೆ ನೀವೇ ಫ್ರೀಯಾಗಿ ಆನ್‌ಲೈನ್‌ನಲ್ಲಿ ತಕರಾರು ಹಾಕಬಹುದು. ವರ್ಷಕ್ಕೊಂದು ಪೂರ್ತಿ ರಿಪೋರ್ಟು ಇಂಥ ಸ್ಕೋರು ಕೊಡೋ ಪ್ರತಿ ಕ್ರೆಡಿಟ್ ಸಂಸ್ಥೆಯಿಂದಲೂ ಉಚಿತ, ಅದನ್ನ ತೆಗೆದು ಯಾವ ಸಾಲ, ಎಷ್ಟು ಬಾಕಿ ಅಂತ ನೋಡಿ. ಆ ಬ್ಯಾಂಕಿಗೆ ಹೋಗಿ ಭಾವನ ಜೊತೆ ಕೂತು ಮಾತಾಡಿ. ಕಮ್ಮಿ ಮಾಡಿಸಿ ಮುಗಿಸಿದ್ರೆ ರಿಪೋರ್ಟಲ್ಲಿ ಸೆಟಲ್ಡ್ ಅಂತ ಬರತ್ತೆ, ಅದು ವರ್ಷಗಟ್ಟಲೆ ಅಡ್ಡ ಬರತ್ತೆ, ಪೂರ್ತಿ ಕಟ್ಟಿದ್ರೆ ಕ್ಲೋಸ್ಡ್ ಅಂತ ಬರತ್ತೆ. ಆಗೋದಾದ್ರೆ ಪೂರ್ತಿ ಕಟ್ಟಿಸಿ, ನೋ ಡ್ಯೂ ಲೆಟರ್ ತಗೊಳ್ಳಿ.

ಪ್ರಶ್ನೆ: ನಮ್ಮಮ್ಮ ಮಂಡ್ಯ ಮಾರ್ಕೆಟ್ ಹತ್ರ ಗಾಡಿಲಿ ಸೊಪ್ಪು ತರಕಾರಿ ಮಾರ್ತಾರೆ. 2025ರಲ್ಲಿ ಯುಪಿಐ ನೋಡಿ ಜಿಎಸ್‌ಟಿ ನೋಟಿಸ್ ಬರತ್ತೆ ಅಂತ ಗಲಾಟೆ ಆಯ್ತಲ್ಲ, ಆಗ ಕ್ಯೂಆರ್ ಕಿತ್ತು ಹಾಕಿದ್ರು. ನಾನು ಕಾಲೇಜಲ್ಲಿ ಒಂದು ವೆಬಿನಾರ್ ಕೇಳಿದೆ, ಡಿಜಿಟಲ್ ವಹಿವಾಟು ಇದ್ರೆ ಮಾತ್ರ ಸಾಲ ಸುಲಭ ಅಂದ್ರು. ಅಮ್ಮ ದಿನಾ ಬೆಳಗ್ಗೆ 1,000 ರೂಪಾಯಿ ಬಡ್ಡಿಗೆ ತಗೊಂಡು ಸಂಜೆ 1,100 ಕೊಡ್ತಾರೆ. ಏನು ಮಾಡ್ಲಿ? (ಮಂಡ್ಯ)

ಉತ್ತರ: ಮಗಳೇ, ಮೊದಲು ಆ ಸಾವಿರಕ್ಕೆ ನೂರರ ಲೆಕ್ಕ ಮಾಡು. ದಿನಕ್ಕೆ 100, ತಿಂಗಳಿಗೆ 26 ದಿನ ಅಂದ್ರೂ 2,600, ವರ್ಷಕ್ಕೆ 31,200. ಸಾವಿರ ರೂಪಾಯಿ ಬಂಡವಾಳಕ್ಕೆ ನಿಮ್ಮಮ್ಮ ವರ್ಷಕ್ಕೆ 31 ಸಾವಿರ ಕೊಡ್ತಿದ್ದಾರೆ. ಇದನ್ನ ಬರೆದು ಅವರಿಗೆ ತೋರಿಸು.

ಜಿಎಸ್‌ಟಿ ಭಯ ನಿಮಗೆ ಬೇಡ. ಆ ವರ್ಷದ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿದ್ದು ಯುಪಿಐ ವಹಿವಾಟು ಮಿತಿ ದಾಟಿದೆ ಅಂತ ಕಂಡ ವ್ಯಾಪಾರಿಗಳಿಗೆ, ಸರಕು ಮಾರೋರಿಗೆ ಆ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮಮ್ಮ ದಿನಕ್ಕೆ 3,000 ವ್ಯಾಪಾರ ಮಾಡಿದ್ರೂ ವರ್ಷಕ್ಕೆ 11 ಲಕ್ಷ ದಾಟಲ್ಲ. ಅದೂ ಅಲ್ದೆ ತಾಜಾ ಸೊಪ್ಪು ತರಕಾರಿಗೆ ಜಿಎಸ್‌ಟಿನೇ ಇಲ್ಲ, ಅದನ್ನ ಮಾತ್ರ ಮಾರೋರು ಎಷ್ಟು ಮಾರಿದ್ರೂ ನೋಂದಣಿ ಬೇಕಿಲ್ಲ. ಆಗ ಇದನ್ನ ಬೀದಿಲಿ ಬಂದು ಸರಿಯಾಗಿ ಹೇಳೋರು ಇರ್ಲಿಲ್ಲ, ಅದಕ್ಕೇ ಅಷ್ಟು ಜನ ಹೆದರಿ ಬೋರ್ಡ್ ಕಿತ್ತಿದ್ದು, ತಪ್ಪು ನಿಮ್ಮಮ್ಮನದಲ್ಲ.

ಬೀದಿ ವ್ಯಾಪಾರಿಗಳಿಗೆ ಪಿಎಂ ಸ್ವನಿಧಿ ಅಂತ ಇದೆ, 2020ರಲ್ಲಿ ಕೊರೋನಾ ಹೊತ್ತಲ್ಲಿ ಶುರುವಾಗಿದ್ದು, ಈಗ ಮೊದಲನೇ ಸಾಲ 15,000, ಅದನ್ನ ತೀರಿಸಿದ್ರೆ 25,000, ಆಮೇಲೆ 50,000. ಅಡಮಾನ ಇಲ್ಲ, ಕಂತು ಸರಿಯಾಗಿ ಕಟ್ಟಿದ್ರೆ ಶೇಕಡಾ 7 ಬಡ್ಡಿ ಸಬ್ಸಿಡಿ ಖಾತೆಗೆ ಬರತ್ತೆ. ಕ್ಯೂಆರ್‌ನಲ್ಲಿ ದುಡ್ಡು ತಗೊಂಡ್ರೆ ಸ್ವಲ್ಪ ಕ್ಯಾಶ್‌ಬ್ಯಾಕೂ ಇದೆ. ನಗರಸಭೆಲಿ ಬೀದಿ ವ್ಯಾಪಾರಿ ಗುರುತಿನ ಚೀಟಿ ಇದೆಯಾ ಕೇಳು, ಇಲ್ಲ ಅಂದ್ರೆ ಶಿಫಾರಸು ಪತ್ರ ಕೊಡ್ತಾರೆ, ಅದು, ಅಮ್ಮನ ಆಧಾರ್, ಪಾಸ್‌ಬುಕ್ ತಗೊಂಡು ನಾಳೆ ಕಾಲೇಜಿಗೆ ಹೋಗೋ ಮುಂಚೆ ಒಂದು ಗಂಟೆ ಬಿಡುವು ಮಾಡ್ಕೊಂಡು ಅವರ ಜೊತೆ ಹೋಗಿ ಬಾ. ಅಮ್ಮನ ನಂಬರ್ ಆಧಾರ್‌ಗೆ ಲಿಂಕ್ ಇಲ್ಲ ಅಂದ್ರೆ ಅದನ್ನೇ ಮೊದಲು ಮಾಡಿಸು, ಓಟಿಪಿ ಬರದೇ ಅರ್ಜಿ ಮುಂದೆ ಹೋಗಲ್ಲ. ಕ್ಯೂಆರ್ ಮತ್ತೆ ಗಾಡಿಗೆ ಅಂಟಿಸುವಾಗ ಅದು ಅಮ್ಮನ ಹೆಸರಿನ ಖಾತೆದೇನಾ ಅಂತ ನೋಡಿ ಅಂಟಿಸು. ಸಾಲ ಬಂದ ದಿನದಿಂದ ಬೆಳಗ್ಗೆ ಆ ಸಾವಿರ ತಗೊಳ್ಳೋದು ನಿಂತ್ರೆ, ದಿನಾ ಉಳಿಯೋ ನೂರರಲ್ಲೇ ತಿಂಗಳ ಕಂತು ಕಟ್ಟಿ ಇನ್ನೂ ಮಿಗತ್ತೆ. ಏನಾಯ್ತು ಅಂತ ನನಗೆ ಬರಿ.